ಹೆಸರಿಲ್ಲದ ಗುಂಡಿ

ಫೋನಿನ ಹೆಂಗಸು ಹೇಳುತ್ತಾಳೆ: ಹೆಸರಿಲ್ಲದ ಗುಂಡಿ.
ಬೆರಳನ್ನು ಅಕ್ಕಿಕಾಳಿನಷ್ಟು ಸರಿಸಿದರೆ
ಮತ್ತೆ, ಹೆಸರಿಲ್ಲದ ಗುಂಡಿ.
ನಗು ಬರುತ್ತದೆ ನನಗೆ. ತಾಯೀ,
ದಾವಣಗೆರೆಯಲ್ಲಿ ಯಾವ ಗುಂಡಿಗೆ ಹೆಸರಿದೆ?
ಹಳೇ ಪಿ.ಬಿ. ರಸ್ತೆ ದಾಟುವಾಗ ನನ್ನ ಕೋಲು
ದಿನಾ ಮೂರನ್ನು ಮಾತಾಡಿಸಿ ಬರುತ್ತದೆ.

ಮುಜಮ್ಮಿಲ್ ಕಲಿಸಿಕೊಟ್ಟ, ಭಟ್ಟಿ ಸಾಹುಕಾರರ ಕಿರಿಮಗ.
ಇಲ್ಲಿ ಸವರು, ಇಲ್ಲಿ ಎರಡು ಸಲ ತಟ್ಟು,
ಹೆದರಬೇಡಕ್ಕಾ, ಒಡೆದರೆ ಗಾಜು ತಾನೆ.
ಮೊದಮೊದಲು ಅವಳು ಮೆಲ್ಲಗೆ ಓದುತ್ತಿದ್ದಳು
ಜ್ವರದವರಿಗೆ ಗಂಜಿ ಕುಡಿಸುವ ಹಾಗೆ.
ತಿಂಗಳಿಗೊಂದು ಮೆಟ್ಟಿಲು ವೇಗ ಏರಿಸಿದೆ.
ಈಗ ಅವ್ವ ಪಕ್ಕದಲ್ಲಿ ಕೂತು ಕಿವಿಗೊಟ್ಟರೆ
"ಇದೇನ್ ಮಾತೇ, ಮಂಡಕ್ಕಿ ಸಿಡಿದಂಗೈತಲ್ಲ!"

ಹೌದು. ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು
ಇಪ್ಪತ್ತು ವರ್ಷ ಕೇಳಿದ ಕಿವಿ ಇದು.
ಸದ್ದು ದಟ್ಟವಾಗಿ, ಇನ್ನೇನು ತೆಳ್ಳಗಾಗುವ ಮುನ್ನ
"ಎತ್ತು" ಅನ್ನುವವಳು ನಾನೇ.
ಕಣ್ಣಿದ್ದವರು ಸೀಯಿಸಿಬಿಡುತ್ತಾರೆ.

ಫೋನಿನವಳು ಯಾವುದನ್ನೂ ಬಿಡುವುದಿಲ್ಲ.
ಕರೆಂಟು ಬಿಲ್ಲು, ಸಾವಿನ ಸುದ್ದಿ, ಸೀರೆಯ ರಿಯಾಯಿತಿ,
ಎಲ್ಲಕ್ಕೂ ಒಂದೇ ದನಿ.
ತಂಗಿ ಹೆತ್ತ ದಿನ ಓದಿದಳು: ಹೆಣ್ಣು ಮಗು,
ಕಣ್ಣೀರಿನೊಂದಿಗೆ ನಗುವ ಮುಖ,
ಕಣ್ಣೀರಿನೊಂದಿಗೆ ನಗುವ ಮುಖ,
ಕಣ್ಣೀರಿನೊಂದಿಗೆ ನಗುವ ಮುಖ.
ಅರ್ಧ ದಿನ ಯೋಚಿಸಿದೆ,
ಕೂಸು ಅತ್ತಿತೋ, ನಕ್ಕಿತೋ, ಕೂಸುಗಳು ಮೂರೋ.

ಅವಳ ಮೇಲೆ ಸಿಟ್ಟಿಲ್ಲ.
ಬ್ಯಾಂಕಿನಲ್ಲಿ ನನ್ನ ದುಡ್ಡೆಷ್ಟೆಂದು
ಮೊದಲು ತಮ್ಮನನ್ನು ಕೇಳಬೇಕಿತ್ತು.
ಅವನು ಹೇಳುವ ಲೆಕ್ಕಕ್ಕೂ ಅವಳು ಹೇಳಿದ್ದಕ್ಕೂ
ನಾನೂರು ರೂಪಾಯಿ ವ್ಯತ್ಯಾಸ.
ತಮ್ಮನಿಗೆ ಹೇಳಿಲ್ಲ.

ಆದರೆ ರಾತ್ರಿ ನನಗೆ
ಮನುಷ್ಯರು ಓದಿದ ಪುಸ್ತಕವೇ ಬೇಕು.
ಚಿತ್ರದುರ್ಗದ ತಿಪ್ಪೇರುದ್ರಪ್ಪ, ನಿವೃತ್ತ ಕಂಡಕ್ಟರು,
ಕಾದಂಬರಿಯ ಹೆಸರು ಹೇಳಿ, ತಮ್ಮ ಹೆಸರು ಹೇಳಿ,
ಒಮ್ಮೆ ಕೆಮ್ಮಿ ಶುರುಮಾಡುತ್ತಾರೆ.
ಅಧ್ಯಾಯ ಮುಗಿದರೆ "ರೈಟ್" ಅನ್ನುತ್ತಾರೆ.
ಅವರ ಹಿಂದೆ ಜೋಗಿಮಟ್ಟಿ ಕಡೆಯ ಗಾಳಿ,
ಕುಕ್ಕರಿನ ಸೀಟಿ, ಒಂದು ಹೆಣ್ಣುದನಿ:
"ಸಾಕು ಬರ್ರಿ, ರೊಟ್ಟಿ ಆರ್ತೈತೆ."
ಅವರನ್ನು ಮಾತ್ರ ನಾನು ಓಡಿಸುವುದಿಲ್ಲ.

ಹನ್ನೊಂದನೇ ಅಧ್ಯಾಯ. ಹೊರಗೆ ಯಾರೋ ಬಂದಿದ್ದಾರೆ,
ಕತೆಯ ಹೆಂಗಸು ಚಿಲಕಕ್ಕೆ ಕೈ ಎತ್ತಿದ್ದಾಳೆ.
ಅಲ್ಲಿ ನಿಂತರು. ಕಾಗದ ಸವರುವ ಸದ್ದು.
"ಇಲ್ಲೊಂದು ಹಾಳೆ ಹರಿದೈತೆ, ಕ್ಷಮಿಸ್ರಿ.
ನೂರಾ ನಲವತ್ತೊಂಬತ್ತು, ನೂರಾ ಐವತ್ತು ಇಲ್ಲ."
ನೂರಾ ಐವತ್ತೊಂದರಲ್ಲಿ ಅವಳಾಗಲೇ ಅಳುತ್ತಿದ್ದಾಳೆ.
ಚಹಾ ಆರಿದೆ. ಎರಡು ಲೋಟ.

ಮರುದಿನ ಭಟ್ಟಿಯಲ್ಲಿ ಜರಡಿ ಹಿಡಿದು ಹೇಳಿದೆ.
ಮೂರು ದಿನ ಅದೇ ಜಗಳ.
ಅಣ್ಣನೇ ಇರಬೇಕು, ಆಸ್ತಿ ಕೇಳಲು ಬಂದವ, ಎಂದಳು ಜೈತೂನ್‌ಬಿ.
ಹಾಲವ್ವ ಒಪ್ಪಲಿಲ್ಲ: ಅಣ್ಣನಿಗೆ ಯಾರು ಚಹಾ ಕೊಡ್ತಾರೆ, ಹೋಗೇ.
ಅವ್ವನ ಪ್ರಕಾರ ಯಾರೂ ಇಲ್ಲ, ಗಾಳಿ;
ಎರಡನೇ ಲೋಟ ರೂಢಿಗೆ ಇಟ್ಟದ್ದು.
ಪುಸ್ತಕವನ್ನೇ ಬಿಡಿಸದ ಹೆಂಗಸರು
ಹರಿದ ಹಾಳೆಗಾಗಿ ಮರಳು ಸೀಯಿಸಿದರು.
ಆ ಪುಟಕ್ಕೆ ನಾವೆಲ್ಲ ಸಮ ಕುರುಡರು.

ದನಿ ಹಿಡಿಯುವ ಗುಂಡಿಗೂ ಹೆಸರಿರಲಿಲ್ಲ.
ಒತ್ತಿ ಹಿಡಿದರೆ ನೀನೇ ಇಡಬಹುದು, ಎಂದ ಮುಜಮ್ಮಿಲ್.
ನಾನು ಬಹಳ ಹುಡುಕಲಿಲ್ಲ.
ಇವತ್ತು ಮುಟ್ಟಿದಾಗ ಫೋನಿನ ಹೆಂಗಸು "ರೈಟ್" ಅಂದಳು,
ಕರೆಂಟು ಬಿಲ್ಲಿನದೇ ದನಿಯಲ್ಲಿ,
ಆದರೂ ಬಸ್ಸು ಹೊರಟಿತು.

ಒಮ್ಮೆ ಕೆಮ್ಮಿದೆ.
ಪುಟ ನೂರಾ ನಲವತ್ತೊಂಬತ್ತು.
ಒಳಗಿಂದ ಅವ್ವ: "ಬಾಗಿಲು ತೆಗಿಯೇ,
ಯಾರೋ ಬಂದಂಗಾತು."